ಜಿಮ್ಮಿನ ಮೇಲೆ ಹೊರಿಸಿದ ಸುಳ್ಳು ಆರೋಪ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆ ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ವಿವರ ಸಾವಿನ ಸುದ್ದಿಯ ಜೊತೆಗೇ ಊರೂರು ತಲುಪಿತು. ‘ಅಷ್ಟು ಗಟ್ಟಿಮುಟ್ಟಾಗಿದ್ದ ಅಪ್ಪುಗೇ ಹೀಗಾದರೆ ನಮ್ಮಂಥವರ ಗತಿಯೇನು’ ಎಂದು ಜನ ಅತ್ತರು. ಅದು ದುಃಖದ ಮಾತು, ಅದಕ್ಕೆ ಯಾರೂ ಎದುರಾಡಬೇಕಿಲ್ಲ. ಆದರೆ ಕೆಲವೇ ದಿನಗಳಲ್ಲಿ ಆ ದುಃಖ ಒಂದು ಸಿದ್ಧಾಂತವಾಗಿ ಗಟ್ಟಿಯಾಯಿತು: ಜಿಮ್ ಮಾಡಿದರೆ ಹಾರ್ಟ್ ಹೋಗುತ್ತದೆ. ಮರುವರ್ಷ ಹಾಸ್ಯನಟ ರಾಜು ಶ್ರೀವಾಸ್ತವ ಟ್ರೆಡ್‌ಮಿಲ್ ಮೇಲೆ ಕುಸಿದು, ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ತೀರಿಕೊಂಡ ಮೇಲೆ ಆ ಸಿದ್ಧಾಂತಕ್ಕೆ ಮುದ್ರೆಯೇ ಬಿತ್ತು. ಈಗ ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಮಾತು ಪ್ರಶ್ನೆಯಿಲ್ಲದೆ ಓಡಾಡುತ್ತಿದೆ. ಓಡಲು ಹೊರಟ ಮಗನನ್ನು ತಾಯಿ ಬಾಗಿಲಲ್ಲೇ ತಡೆಯುತ್ತಾಳೆ. ನಲವತ್ತೈದರ ಗಂಡಸು ಹೊಟ್ಟೆ ನೀವಿಕೊಂಡು ‘ವ್ಯಾಯಾಮ ಮಾಡಿದವರೇ ಹೋಗುತ್ತಿದ್ದಾರೆ, ನಾವೇ ವಾಸಿ’ ಅನ್ನುತ್ತಾನೆ. ಸುತ್ತಲಿದ್ದವರು ಹೌದೆಂದು ತಲೆಯಾಡಿಸುತ್ತಾರೆ.

ಈ ನಂಬಿಕೆ ಸುಳ್ಳು. ಇದು ಜನರನ್ನು ಕೊಲ್ಲುತ್ತಿದೆ ಎಂದು ನಾನು ತಿಳಿದೇ ಹೇಳುತ್ತಿದ್ದೇನೆ. ಪುನೀತ್ ಅವರ ಸಾವಿನ ವೈದ್ಯಕೀಯ ಕಾರಣಗಳನ್ನು ಊಹಿಸುವುದು ನನ್ನ ಕೆಲಸವಲ್ಲ, ಯಾರ ಕೆಲಸವೂ ಅಲ್ಲ. ಒಬ್ಬ ವ್ಯಕ್ತಿಯ ಸಾವಿನಿಂದ ಆರೂವರೆ ಕೋಟಿ ಜನರಿಗೆ ನಿಯಮ ಬರೆಯುವುದನ್ನು ನಿಲ್ಲಿಸಬೇಕು ಎಂಬುದಷ್ಟೇ ನನ್ನ ತಕರಾರು.

ಮೊದಲು ರಕ್ತನಾಳದ ಸಂಗತಿ. ನಡುವಯಸ್ಸಿನಲ್ಲಿ ಆಗುವ ಹೃದಯಾಘಾತಕ್ಕೆ ಸಾಮಾನ್ಯ ಕಾರಣ ಹೃದಯದ ನಾಳದೊಳಗೆ ಕೂತಿರುವ ಕೊಬ್ಬಿನ ಗಂಟು. ಅದರ ಮೇಲ್ಪದರ ಒಡೆದಾಗ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಒಡೆಯುವುದು ಕ್ಷಣದ ಕೆಲಸ, ಆದರೆ ಆ ಗಂಟು ಬೆಳೆಯಲು ದಶಕಗಳು ಬೇಕು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಕೊಯ್ದು ನೋಡಿದ ವರದಿ 1953ರಲ್ಲಿ ಬಂತು. ಸತ್ತವರ ಸರಾಸರಿ ವಯಸ್ಸು 22. ಅವರಲ್ಲಿ 77 ಶೇಕಡಾ ಮಂದಿಯ ನಾಳಗಳಲ್ಲಿ ರೋಗದ ಗುರುತು ಬರಿಗಣ್ಣಿಗೇ ಕಾಣುವಂತಿತ್ತು. ಇಪ್ಪತ್ತೆರಡರ ಹರೆಯದಲ್ಲಿ ಮೊಳೆತದ್ದು ನಲವತ್ತಾರರ ಒಂದು ಬೆಳಿಗ್ಗೆ ಸಿಡಿದರೆ, ಆ ಬೆಳಿಗ್ಗೆ ಕೈಯಲ್ಲಿದ್ದ ಡಂಬೆಲ್ ಅಪರಾಧಿಯಾಗುವುದು ಹೇಗೆ? ನಡುವಿನ ಇಪ್ಪತ್ತನಾಲ್ಕು ವರ್ಷಗಳ ಸಿಗರೇಟು, ಸಕ್ಕರೆ, ಬಿಪಿ, ಸೊಂಟದ ಸುತ್ತಳತೆ, ಕುರ್ಚಿ, ಇವು ಯಾವುವೂ ಸಾಕ್ಷಿಕಟ್ಟೆ ಹತ್ತುವುದೇ ಇಲ್ಲ.

ಕಣ್ಣಿಗೆ ಬೀಳುವುದನ್ನೇ ನಾವು ನಂಬುತ್ತೇವೆ ಎಂಬುದು ಇನ್ನೊಂದು ತೊಡಕು. ಜಿಮ್ಮಿನಲ್ಲಿ ಸಿಸಿಟಿವಿ ಇದೆ. ಬ್ಯಾಡ್ಮಿಂಟನ್ ಅಂಗಳದಲ್ಲಿ ನಾಲ್ಕು ಮೊಬೈಲುಗಳಿವೆ. ಅಲ್ಲಿ ಕುಸಿದವನ ಹನ್ನೆರಡು ಸೆಕೆಂಡಿನ ದೃಶ್ಯ ಸಂಜೆಯೊಳಗೆ ರಾಜ್ಯವೆಲ್ಲ ಸುತ್ತಿ ಬರುತ್ತದೆ. ಸೋಫಾದ ಮೇಲೆ ಟಿವಿ ನೋಡುತ್ತ ಹೋದವನ, ನಸುಕಿನಲ್ಲಿ ಹಾಸಿಗೆಯಲ್ಲೇ ತಣ್ಣಗಾದವನ ವಿಡಿಯೊ ಯಾರ ಬಳಿಯೂ ಇರುವುದಿಲ್ಲ. ಹಠಾತ್ ಹೃದಯಸ್ತಂಭನಗಳಲ್ಲಿ ಬಹುಪಾಲು ನಡೆಯುವುದು ಮನೆಯೊಳಗೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಪ್ರದೇಶದಲ್ಲಿ 35ರಿಂದ 65 ವಯಸ್ಸಿನವರ ಇಂಥ 1,247 ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಆಟ, ಓಟ, ಕಸರತ್ತಿನ ಸಮಯದಲ್ಲಿ ಆದವು 63, ಅಂದರೆ ನೂರಕ್ಕೆ ಐದು. ಆ ಐದರಲ್ಲೂ ಬದುಕುಳಿದವರ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚಿತ್ತು. ನೂರಕ್ಕೆ ತೊಂಬತ್ತೈದರ ಬಗ್ಗೆ ನಮ್ಮ ಸುದ್ದಿವಾಹಿನಿಗಳು ಒಂದು ಗಂಟೆಯ ಚರ್ಚೆ ನಡೆಸಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ದೈಹಿಕ ಶ್ರಮದ ಹೊತ್ತಿನಲ್ಲಿ ಹೃದಯಕ್ಕೆ ಅಪಾಯ ಏರುವುದೇ ಇಲ್ಲವೆ? ಏರುತ್ತದೆ. ಇದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ರಭಸದ ಶ್ರಮ ಮಾಡುವಾಗ ನಾಡಿ ಓಡುತ್ತದೆ, ರಕ್ತದೊತ್ತಡ ಜಿಗಿಯುತ್ತದೆ, ಮೊದಲೇ ಸಡಿಲವಾಗಿದ್ದ ಗಂಟು ಒಡೆಯುವ ಸಾಧ್ಯತೆ ಆ ಅರ್ಧ ಗಂಟೆ, ಒಂದು ಗಂಟೆಯ ಮಟ್ಟಿಗೆ ಹೆಚ್ಚು. ಪ್ರಶ್ನೆ ಇರುವುದು ಯಾರಿಗೆ ಎಷ್ಟು ಹೆಚ್ಚು ಎಂಬಲ್ಲಿ. ಮರ್ರೆ ಮಿಟಲ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಹೃದಯಾಘಾತವಾದವರನ್ನು ವಿಚಾರಿಸಿ ಈ ಲೆಕ್ಕ ತೆಗೆದರು. ವಾರಕ್ಕೆ ಒಮ್ಮೆಯೂ ಮೈ ಬಗ್ಗಿಸದವರು ದಿಢೀರನೆ ಭಾರಿ ಶ್ರಮಕ್ಕೆ ಇಳಿದರೆ ಆ ಹೊತ್ತಿನ ಅಪಾಯ ಸುಮಾರು 107 ಪಟ್ಟು. ವಾರದಲ್ಲಿ ಐದು ದಿನವೋ ಹೆಚ್ಚೋ ವ್ಯಾಯಾಮ ಮಾಡುವವರಿಗೆ ಅದು 2.4 ಪಟ್ಟು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಒಮ್ಮೆ ನಿಧಾನವಾಗಿ ನೋಡಿ. ಒಂದೇ ಮೆಟ್ಟಿಲು, ಒಂದೇ ಭಾರ, ಒಂದೇ ಬಸ್ಸಿನ ಹಿಂದಿನ ಓಟ. ಅಭ್ಯಾಸವಿದ್ದವನಿಗೂ ಇಲ್ಲದವನಿಗೂ ನಡುವೆ ನಲವತ್ತು ಪಟ್ಟಿಗೂ ಮೀರಿದ ಅಂತರ. ‘ವ್ಯಾಯಾಮ ಬೇಡ’ ಎಂದು ಕೂತವನು ಬದುಕಿನಲ್ಲಿ ಒಂದು ದಿನವೂ ಓಡದೆ, ಭಾರ ಎತ್ತದೆ ಇರಲಾರ. ರೈಲು ತಪ್ಪುತ್ತದೆ ಎಂದು ಸೂಟ್‌ಕೇಸು ಹಿಡಿದು ಓಡುತ್ತಾನೆ. ಲಿಫ್ಟ್ ಕೆಟ್ಟ ದಿನ ಗ್ಯಾಸ್ ಸಿಲಿಂಡರು ಹೊರುತ್ತಾನೆ. ಆ ದಿನ ಅವನ ಹೃದಯ ಸಿದ್ಧವಿರುವುದಿಲ್ಲ.

ಅಮೆರಿಕದ ವೈದ್ಯರನ್ನೇ ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2000ರಲ್ಲಿ ಹೇಳಿದ್ದೂ ಇದನ್ನೇ. ರಭಸದ ಶ್ರಮದ ಹೊತ್ತಿನಲ್ಲಿ ಹಠಾತ್ ಸಾವು ಸಂಭವಿಸಿದ್ದು ಸುಮಾರು 15 ಲಕ್ಷ ಸಲಕ್ಕೆ ಒಂದು ಬಾರಿ. ನಿತ್ಯದ ಅಭ್ಯಾಸ ಆ ಅಪಾಯವನ್ನೂ ತಗ್ಗಿಸಿತ್ತು. ಆ ಒಂದು ಗಂಟೆಯ ಅಪಾಯವನ್ನೂ ಉಳಿದ ಇಪ್ಪತ್ತಮೂರು ಗಂಟೆಗಳ ಲಾಭವನ್ನೂ ಕೂಡಿಸಿ ಕಳೆದರೆ ಏನುಳಿಯುತ್ತದೆ? ಡೇವಿಡ್ ಸಿಸ್ಕೋವಿಕ್ 1984ರಲ್ಲೇ ಕೂಡಿಸಿ ಕಳೆದಿದ್ದರು. ನಿತ್ಯ ರಭಸದ ಚಟುವಟಿಕೆ ಇದ್ದ ಗಂಡಸರಲ್ಲಿ ಹೃದಯಸ್ತಂಭನದ ಒಟ್ಟು ಅಪಾಯ ಕೂತಿದ್ದವರ ಅಪಾಯದ 40 ಶೇಕಡಾ ಮಾತ್ರ. ನಲವತ್ತು ವರ್ಷ ಹಳೆಯ ಲೆಕ್ಕ ಇದು, ನಮ್ಮ ಪಂಕ್ತಿಯೂಟದ ಮಾತಿಗೆ ಇನ್ನೂ ತಲುಪಿಲ್ಲ.

ಸಿಸ್ಕೋವಿಕ್ ಆ ಲೆಕ್ಕ ಪ್ರಕಟಿಸಿದ ವರ್ಷವೇ ಅಮೆರಿಕದಲ್ಲಿ ಜಿಮ್ ಫಿಕ್ಸ್ ಸತ್ತರು. ಓಟವನ್ನು ಜನಸಾಮಾನ್ಯರ ಹವ್ಯಾಸವಾಗಿಸಿದ ಪುಸ್ತಕ ಬರೆದವರು ಅವರು. 1984ರ ಜುಲೈ 20ರಂದು ವರ್ಮಾಂಟಿನ ರಸ್ತೆಯೊಂದರಲ್ಲಿ ಓಡುತ್ತಿದ್ದವರು ಕುಸಿದುಬಿದ್ದರು, ವಯಸ್ಸು 52. ‘ನೋಡಿದಿರಾ, ಓಟದ ಗುರುವೇ ಓಡಿ ಸತ್ತ’ ಎಂದು ಅಲ್ಲಿನವರು ಆಡಿಕೊಂಡ ಮಾತು, ಇಲ್ಲಿ ನಾವು ಆಡಿಕೊಳ್ಳುತ್ತಿರುವ ಮಾತು, ಎರಡಕ್ಕೂ ಒಂದೇ ಅಚ್ಚು. ಶವಪರೀಕ್ಷೆಯಲ್ಲಿ ಅವರ ಹೃದಯದ ಒಂದು ನಾಳ 95 ಶೇಕಡಾ ಮುಚ್ಚಿದ್ದು ಗೊತ್ತಾಯಿತು, ಇನ್ನೆರಡೂ ಕೆಟ್ಟಿದ್ದವು. ಫಿಕ್ಸ್ ಅವರ ತಂದೆಗೆ ಮೂವತ್ತೈದಕ್ಕೇ ಹೃದಯಾಘಾತವಾಗಿತ್ತು, ನಲವತ್ತಮೂರಕ್ಕೆ ಅವರು ಸತ್ತಿದ್ದರು. ಫಿಕ್ಸ್ ಮೂವತ್ತೈದರ ತನಕ ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುತ್ತಿದ್ದರು, ನೂರು ಕಿಲೊ ಆಸುಪಾಸು ತೂಗುತ್ತಿದ್ದರು. ಓಡತೊಡಗಿದ ಮೇಲೆ ಎರಡನ್ನೂ ಬಿಟ್ಟರು. ತಂದೆ ಕಾಣದ ಒಂಬತ್ತು ವರ್ಷಗಳನ್ನು ಮಗ ಕಂಡದ್ದು ಓಟದಿಂದ ಎನ್ನುವುದು ಹೆಚ್ಚು ಸರಿ. ಅವರು ಮಾಡದೆ ಬಿಟ್ಟದ್ದು ಒಂದು: ಹೃದ್ರೋಗದ ವಂಶಚರಿತ್ರೆ ಇದ್ದೂ, ವೈದ್ಯ ಕೆನೆತ್ ಕೂಪರ್ ತಮ್ಮ ಕ್ಲಿನಿಕ್ಕಿನಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ ಒಪ್ಪಲಿಲ್ಲ.

ಕೂತವರು ಹೆಚ್ಚು ಸಾಯುತ್ತಾರೆ ಎಂಬುದು ಮೊದಲು ರುಜುವಾತಾದದ್ದು ಆಟಗಾರರಿಂದ ಅಲ್ಲವೇ ಅಲ್ಲ, ಬಸ್ಸಿನವರಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಸಾರಿಗೆ ನೌಕರರನ್ನು ಅಭ್ಯಾಸಕ್ಕೆ ತೆಗೆದುಕೊಂಡರು. ಸುಮಾರು 31,000 ಗಂಡಸರು. ಡಬಲ್ ಡೆಕರ್ ಬಸ್ಸಿನ ಚಾಲಕ ದಿನವಿಡೀ ಕೂತಿರುತ್ತಾನೆ. ಅದೇ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತ ಒಂದು ಪಾಳಿಯಲ್ಲಿ ಐನೂರರಿಂದ ಏಳುನೂರೈವತ್ತು ಮೆಟ್ಟಿಲು ಹತ್ತುತ್ತಾನೆ. ಇಬ್ಬರದ್ದೂ ಒಂದೇ ಬಗೆಯ ಮನೆ, ಒಂದೇ ಬಗೆಯ ಊಟ, ಹೆಚ್ಚುಕಡಿಮೆ ಒಂದೇ ಸಂಬಳ. 1953ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ, ಮತ್ತು ಅದರಿಂದ ಬೇಗನೆ ಸಾಯುವವರು ಚಾಲಕರಲ್ಲಿ ಸಾಯುವವರ ಸುಮಾರು ಅರ್ಧ. ಸೈಕಲ್ಲೇರಿ, ನಡೆದು ಪತ್ರ ಹಂಚುವ ಅಂಚೆಯವರಿಗೂ ಅದೇ ಇಲಾಖೆಯಲ್ಲಿ ಮೇಜಿಗೆ ಅಂಟಿದವರಿಗೂ ಹೋಲಿಸಿದಾಗ ಕಂಡದ್ದೂ ಅದೇ.

ಆಗಲೂ ವಿರೋಧ ಬಂತು. ದಪ್ಪಗಿದ್ದವರೇ ಚಾಲಕರಾಗಿ ಸೇರುತ್ತಾರೇನೋ, ಕಾರಣ ಕೂರುವುದಲ್ಲ, ತೂಕ ಇರಬಹುದು ಎಂದು. ಮಾರಿಸ್ ಆ ಅನುಮಾನವನ್ನು ತಳ್ಳಿಹಾಕದೆ ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಲೆಕ್ಕಪುಸ್ತಕ ತೆರೆದರು. ಪ್ಯಾಂಟಿನ ಸೊಂಟದ ಅಳತೆ ಅಲ್ಲಿ ವರ್ಷವರ್ಷವೂ ದಾಖಲಾಗಿತ್ತು. ಚಾಲಕರ ಸೊಂಟ ಕಂಡಕ್ಟರುಗಳ ಸೊಂಟಕ್ಕಿಂತ ದೊಡ್ಡದಿದ್ದದ್ದು ನಿಜವೇ. ಆದರೆ ತೆಳ್ಳಗಿನವರನ್ನು ತೆಳ್ಳಗಿನವರ ಜೊತೆ, ದಪ್ಪಗಿನವರನ್ನು ದಪ್ಪಗಿನವರ ಜೊತೆ ಇಟ್ಟು ನೋಡಿದಾಗಲೂ ಕಂಡಕ್ಟರ್ ಚಾಲಕನಿಗಿಂತ ಸುರಕ್ಷಿತ. ಚಲನೆಗೆ ತನ್ನದೇ ಆದ ಕಾವಲು ಶಕ್ತಿ ಇದೆ, ಅದು ತೂಕ ಇಳಿಸುವುದರಿಂದ ಮಾತ್ರ ಬರುವುದಲ್ಲ ಎಂದು ಒಂದು ಪ್ಯಾಂಟಿನ ಅಳತೆ ತೋರಿಸಿಕೊಟ್ಟಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ಸರಳ, ಇಷ್ಟು ಚೆಂದದ ಶೋಧ ಕಡಿಮೆ ಎಂದು ನನ್ನ ಭಾವನೆ. ಮಾರಿಸ್ ತಾವು ಕಂಡದ್ದನ್ನು ತಮ್ಮ ಮೈಗೂ ಹಚ್ಚಿಕೊಂಡರು. ವ್ಯಾಯಾಮಕ್ಕೆಂದು ಓಡುವುದು ವಿಚಿತ್ರವೆನಿಸುತ್ತಿದ್ದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಲ್ಲಿ ಓಡಿದರು. 2009ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೊಂಬತ್ತು.

ಎಪ್ಪತ್ತು ವರ್ಷ ಕಳೆದು ನಾವೆಲ್ಲ ಚಾಲಕರಾಗಿದ್ದೇವೆ. ಸಾಫ್ಟ್‌ವೇರಿನವರು, ಬ್ಯಾಂಕಿನವರು, ಮೇಷ್ಟ್ರು, ಅಂಗಡಿಯ ಗಲ್ಲಾದ ಮೇಲಿನವರು, ಈಗ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಏರಿದ ರೈತನೂ. 2022ರ ಹೊತ್ತಿಗೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹೆಂಗಸರಲ್ಲಿ 57 ಶೇಕಡಾ, ಗಂಡಸರಲ್ಲಿ 42. ‘ಸಾಕಷ್ಟು’ ಎಂದರೆ ಮ್ಯಾರಥಾನ್ ಅಲ್ಲ: ವಾರಕ್ಕೆ ಒಟ್ಟು 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನ ನಡಿಗೆ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಬೀಳುವುದಿಲ್ಲ. ಇಷ್ಟನ್ನೂ ಮಾಡದ ದೇಶಕ್ಕೆ ‘ಅತಿ ವ್ಯಾಯಾಮದ ಅಪಾಯ’ದ ಉಪನ್ಯಾಸ ಕೊಡುತ್ತಿರುವುದು ಅನ್ಯಾಯ.

ಇನ್ನು ತೆಳ್ಳಗಿದ್ದವರ ನಿಶ್ಚಿಂತೆ. ‘ನನಗೇನು, ಅರವತ್ತೈದು ಕಿಲೊ’ ಎನ್ನುವವರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಚಿತ್ರವೊಂದನ್ನು ನೋಡಬೇಕು. 2004ರಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಚಿತ್ರ ‘ಲಾನ್ಸೆಟ್’ನಲ್ಲಿ ಬಂತು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ತಕ್ಕಡಿಗೆ ಕಾಣದ ಕೊಬ್ಬನ್ನು ನಾವು ಹೊಟ್ಟೆಯ ಒಳಗೆ, ಕರುಳು ಯಕೃತ್ತಿನ ಸುತ್ತ ಹೊತ್ತುಕೊಂಡಿರುತ್ತೇವೆ. ಆ ಕೊಬ್ಬು ಸುಮ್ಮನೆ ಬಿದ್ದಿರುವ ಸರಕಲ್ಲ. ಅದು ಕೊಬ್ಬಿನಾಮ್ಲಗಳನ್ನು ನೇರ ಯಕೃತ್ತಿಗೆ ಸುರಿಯುತ್ತದೆ, ಇನ್ಸುಲಿನ್ ಕೆಲಸ ಕೆಡಿಸುತ್ತದೆ, ನಾಳಗಳ ಒಳಪದರದಲ್ಲಿ ಉರಿಯೂತ ಹಚ್ಚುತ್ತದೆ. ಹಾಗಾಗಿಯೇ ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಬಿಎಂಐ 25ಕ್ಕೇ ಎಳೆದಿದ್ದಾರೆ, ಸೊಂಟಕ್ಕೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ತಂಡ 1996ರಲ್ಲಿ ಇಲ್ಲಿನ ಹೃದಯಾಘಾತದ ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿದಾಗ ಎದ್ದು ಕಂಡದ್ದು ಧೂಮಪಾನ, ಸಕ್ಕರೆ, ಬಿಪಿ ಮತ್ತು ಸೊಂಟ–ನಿತಂಬಗಳ ಅನುಪಾತ. ಮುಂದೆ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ ಹೃದಯಾಘಾತದ ಅಪಾಯದ ಹತ್ತರಲ್ಲಿ ಒಂಬತ್ತು ಪಾಲು ಒಂಬತ್ತೇ ಸಂಗತಿಗಳಿಂದ ಬರುತ್ತದೆ ಎಂದಿತು. ಹೊಟ್ಟೆಯ ಬೊಜ್ಜು, ಚಟುವಟಿಕೆಯ ಕೊರತೆ ಎರಡೂ ಆ ಪಟ್ಟಿಯಲ್ಲಿವೆ. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ಕ್ಕೆ, ಬೇರೆಯವರಿಗೆ 59ಕ್ಕೆ. ನಮ್ಮ ಪಾಲಿನ ಆರು ವರ್ಷ ಮೊದಲೇ ಖರ್ಚಾಗಿರುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಹತ್ತರಲ್ಲಿ ಮೂವರಷ್ಟು ಮಂದಿ ಬಿಎಂಐ 25ರ ಗೆರೆ ದಾಟಿದ್ದಾರೆ. ಯಾಜ್ಞಿಕ್ ಅವರಂತೆ ತೆಳ್ಳಗೆ ಕಂಡೂ ಒಳಗೆ ಕೊಬ್ಬು ಹೊತ್ತವರು ಈ ಲೆಕ್ಕದ ಹೊರಗಿದ್ದಾರೆ.

‘ನಮ್ಮ ಅಜ್ಜ ಯಾವ ಜಿಮ್ಮಿಗೂ ಹೋಗಲಿಲ್ಲ, ಮುದ್ದೆ ಉಂಡು ತೊಂಬತ್ತು ಬದುಕಿದ’ ಎಂಬ ಮಾತು ಮಂಡ್ಯ, ಹಾಸನದ ಕಡೆ ಬಹಳ ಕೇಳುತ್ತದೆ. ಅಜ್ಜ ಉತ್ತದ್ದು, ನೀರೆತ್ತಿದ್ದು, ಸಂತೆಗೆ ಹರದಾರಿಗಟ್ಟಲೆ ನಡೆದದ್ದು, ಕಣದಲ್ಲಿ ಮೂಟೆ ಹೊತ್ತದ್ದು ಈ ಮಾತಿನಲ್ಲಿ ಬರುವುದಿಲ್ಲ. ಅವನ ಮುದ್ದೆಯನ್ನು ಮಾತ್ರ ಇಟ್ಟುಕೊಂಡು ಅವನ ಬೆವರನ್ನು ಬಿಟ್ಟವರಿಗೆ ಅವನ ಆಯುಸ್ಸನ್ನು ಸಾಕ್ಷಿಗೆ ಕರೆಯುವ ಹಕ್ಕಿಲ್ಲ. ಇನ್ನು, ಅಜ್ಜನ ಜೊತೆ ಹುಟ್ಟಿ ಐವತ್ತಕ್ಕೂ ಮುಂಚೆ ಹೋದವರ ಕಥೆ ಹೇಳಲು ಆ ಜಗಲಿಯಲ್ಲಿ ಯಾರೂ ಉಳಿದಿಲ್ಲ.

ಹೆಂಗಸರ ವಿಷಯದಲ್ಲಿ ಈ ನಂಬಿಕೆ ಇನ್ನೂ ಕ್ರೂರ. ‘ಮನೆಗೆಲಸವೇ ವ್ಯಾಯಾಮ’ ಎಂದು ಅವರ ಬಾಯಿ ಮುಚ್ಚಿಸಿ ತಲೆಮಾರುಗಳಾದವು. ರುಬ್ಬುಗುಂಡು ಹೋಗಿ ಗ್ರೈಂಡರ್ ಬಂತು, ಬಾವಿ ಹೋಗಿ ನಲ್ಲಿ ಬಂತು, ಬಟ್ಟೆಕಲ್ಲು ಹೋಗಿ ಯಂತ್ರ ಬಂತು. ಬಂದದ್ದು ಒಳ್ಳೆಯದೇ, ಆ ಯಾತನೆ ಮರಳಿ ಬರುವುದು ಬೇಡ. ಆದರೆ ಉಳಿದ ಮನೆಗೆಲಸ ಸೊಂಟ ನೋಯಿಸುತ್ತದೆ, ದಣಿಸುತ್ತದೆ. ಅರ್ಧ ಗಂಟೆ ಬಿಡುವಿಲ್ಲದೆ ಹೃದಯ ಬಡಿತ ಏರಿಸುವುದು ಅದರಲ್ಲಿ ಅಪರೂಪ. ಬೆಳಗಿನ ಆರು ಗಂಟೆಗೆ ಗಂಡ ವಾಕಿಂಗ್ ಹೋಗುವಾಗ ಹೆಂಡತಿ ಡಬ್ಬಿಗೆ ಪಲ್ಯ ಕಟ್ಟುತ್ತಿರುತ್ತಾಳೆ. ಸಂಜೆ ಅವಳಿಗೆ ಹೊತ್ತಿದ್ದರೆ ಬೀದಿದೀಪವಿಲ್ಲ, ಪಾರ್ಕಿನಲ್ಲಿ ನೋಡುವ ಕಣ್ಣುಗಳು ಸರಿಯಿಲ್ಲ. ನಲವತ್ತೈದಕ್ಕೆ ಸಕ್ಕರೆ ಬಂದಾಗ ‘ಅಷ್ಟು ಕೆಲಸ ಮಾಡುತ್ತಿದ್ದಳು, ಹೇಗೆ ಬಂತೋ’ ಎಂದು ಮನೆಯವರು ಅಚ್ಚರಿಪಡುತ್ತಾರೆ.

2025ರ ಮೇ ಕೊನೆಯಿಂದ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹಠಾತ್ ಸಾವುಗಳು ವರದಿಯಾದಾಗ ನಾಡಿಗೆ ಸತ್ಯ ಕಲಿಯುವ ಒಂದು ಅವಕಾಶವಿತ್ತು. ಅದನ್ನು ಹಾಳು ಮಾಡಿದೆವು. ರಾಜಕಾರಣಿಗಳು ಕೋವಿಡ್ ಲಸಿಕೆಯತ್ತ ಬೊಟ್ಟು ಮಾಡಿದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ಬೆಳೆಯಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ ಕೊಟ್ಟ ವರದಿ ಯಾರಿಗೂ ರುಚಿಸಲಿಲ್ಲ: ಲಸಿಕೆಗೂ ಈ ಸಾವುಗಳಿಗೂ ನಂಟಿಲ್ಲ, ಜಿಲ್ಲೆಯಲ್ಲಿ ಹೃದ್ರೋಗ ಅಸಹಜವಾಗಿ ಏರಿಲ್ಲ, ಸತ್ತವರಲ್ಲಿ ಹೆಚ್ಚಿನವರಿಗೆ ಸಕ್ಕರೆ, ಬಿಪಿ, ಧೂಮಪಾನ, ಮದ್ಯ, ಬೊಜ್ಜು ಇಂಥ ಗೊತ್ತಿರುವ ಕಾರಣಗಳೇ ಇದ್ದವು. ಮೃತರಲ್ಲಿ ಆಟೊ, ಕ್ಯಾಬ್ ಚಾಲಕರು ಎದ್ದು ಕಾಣುವಷ್ಟಿದ್ದರು. ಮಾರಿಸ್ ಅವರ ಲಂಡನ್ನಿನಿಂದ ಹಾಸನದ ಆಟೊ ನಿಲ್ದಾಣದ ತನಕ ಅದೇ ಸೀಟು, ಅದೇ ಕೂರುವಿಕೆ. ಸುದ್ದಿವಾಹಿನಿಗಳು ಆ ಸೀಟಿನ ಬಗ್ಗೆ ಒಂದು ವಾರ ಮಾತಾಡಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಆಸ್ಪತ್ರೆಯ ಮುಂದಿನ ಆ ಸಾಲಿನಲ್ಲಿ ನಿಂತವರ ಬಗ್ಗೆ ನನಗೆ ಮರುಕವಿದೆ, ಆದರೆ ಅವರ ನಂಬಿಕೆಯ ಬಗ್ಗೆ ಇಲ್ಲ. ಒಂದು ಇಸಿಜಿ ಮಾಡಿಸಿ ‘ನಾರ್ಮಲ್’ ಎಂಬ ಚೀಟಿ ಹಿಡಿದು ಬಂದರೆ ವರ್ಷಕ್ಕೆ ರಕ್ಷೆ ಕಟ್ಟಿಸಿಕೊಂಡಂತೆ ಎಂದು ಅವರು ಭಾವಿಸುತ್ತಾರೆ. ಮಲಗಿದಾಗ ತೆಗೆದ ಇಸಿಜಿ ನಾಳದೊಳಗಿನ ಗಂಟನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ತಪಾಸಣೆ ರೋಗ ಹುಡುಕುತ್ತದೆ; ತಡೆಯುವ ಕೆಲಸ ಅದರದ್ದಲ್ಲ.

ಜಿಮ್ಮುಗಳ ವಕೀಲಿಕೆ ನಾನು ಮಾಡುತ್ತಿಲ್ಲ. ಅಲ್ಲಿನ ಕೆಲವು ಪಾಪಗಳು ನಿಜವಾದವು. ಮೂರು ತಿಂಗಳಲ್ಲಿ ಸಿನಿಮಾ ಮೈಕಟ್ಟು ಕೊಡುತ್ತೇನೆಂದು ಸ್ಟೆರಾಯ್ಡ್ ಚುಚ್ಚುವವರು ಹೃದಯದ ಸ್ನಾಯುವನ್ನೇ ಕೆಡಿಸುತ್ತಾರೆ. ಅವರನ್ನು ಜೈಲಿಗೆ ಕಳಿಸಬೇಕು. ಹದಿನೈದು ವರ್ಷ ಕೂತ ಮೈಯನ್ನು ಮೊದಲ ದಿನವೇ ಭಾರದ ಕೆಳಗೆ ತಳ್ಳುವ ತರಬೇತುದಾರನಿಗೆ ಆ 107 ಪಟ್ಟಿನ ಲೆಕ್ಕ ಗೊತ್ತಿಲ್ಲ. ಜ್ವರವಿದ್ದಾಗ, ವೈರಸ್ ಸೋಂಕಿನಿಂದ ಏಳುತ್ತಿರುವಾಗ ಕಸರತ್ತು ಬೇಡ. ಮೂವತ್ತೈದರ ಒಳಗಿನವರ ಹಠಾತ್ ಸಾವಿನ ಹಿಂದೆ ಹಲವು ಬಾರಿ ವಂಶದಿಂದ ಬಂದ ಹೃದಯಸ್ನಾಯುವಿನ ದೋಷ, ವಿದ್ಯುತ್ ಲಯದ ದೋಷ ಇರುತ್ತದೆ. ಮನೆಯಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಾಗೆ ಹೋಗಿದ್ದರೆ, ಶ್ರಮದ ನಡುವೆ ತಲೆಸುತ್ತಿ ಬಿದ್ದಿದ್ದರೆ, ನಡೆಯುವಾಗ ಎದೆ ಹಿಂಡಿದಂತಾಗಿ ನಿಂತರೆ ಸರಿಹೋಗುತ್ತಿದ್ದರೆ ಮೊದಲು ವೈದ್ಯರ ಬಳಿ ಹೋಗಲೇಬೇಕು. ಇಟಲಿ ಇಂಥ ದೋಷಗಳಿಗೆ ಹೆದರಿ ಆಟದ ಮೈದಾನ ಮುಚ್ಚಲಿಲ್ಲ. ಸ್ಪರ್ಧೆಗೆ ಇಳಿಯುವ ಪ್ರತಿ ಯುವಕ, ಯುವತಿಗೂ ತಪಾಸಣೆ ಕಡ್ಡಾಯ ಮಾಡಿತು. ಅಲ್ಲಿನ ವೆನೆಟೊ ಪ್ರಾಂತದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಹೃದಯ ಸಾವು ಎರಡು ದಶಕಗಳಲ್ಲಿ 89 ಶೇಕಡಾ ಇಳಿಯಿತು.

ವ್ಯಾಯಾಮವೊಂದರಿಂದಲೇ ತೂಕ ಕರಗುತ್ತದೆ ಎಂಬ ಜಾಹೀರಾತನ್ನೂ ನಾನು ನಂಬುವುದಿಲ್ಲ. ಅರ್ಧ ಗಂಟೆಯ ಬಿರುಸು ನಡಿಗೆ ಉರಿಸುವುದನ್ನು ದರ್ಶಿನಿಯ ಒಂದು ಉದ್ದಿನ ವಡೆ ಮರಳಿ ಕೊಡುತ್ತದೆ. ಸೊಂಟ ಇಳಿಯಬೇಕಾದರೆ ತಟ್ಟೆಯ ಅನ್ನ, ಎಣ್ಣೆ, ಸಕ್ಕರೆ ಇಳಿಯಬೇಕು. ಆದರೆ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ ಎಂದು ನಡಿಗೆ ಬಿಡುವವರಿಗೆ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ಅಧ್ಯಯನ ಗೊತ್ತಿರಬೇಕು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನಡಿಗೆ ಮತ್ತು ಆಹಾರದ ಶಿಸ್ತು ಕಲಿಸಿದಾಗ ಕಾಯಿಲೆಗೆ ಜಾರುವ ಪ್ರಮಾಣ 28.5 ಶೇಕಡಾ ತಗ್ಗಿತು ಎಂದು 2006ರಲ್ಲಿ ಅವರ ವರದಿ ಬಂತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ನಡೆಯುವ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ನಾಳದ ಒಳಪದರ ಹಿಗ್ಗುವ ಗುಣ ಮರಳಿ ಪಡೆಯುತ್ತದೆ, ಹೊಟ್ಟೆಯೊಳಗಿನ ಕೊಬ್ಬು ತೂಕಕ್ಕಿಂತ ಮೊದಲು ಕರಗತೊಡಗುತ್ತದೆ.

ಸರ್ಕಾರದ್ದೂ ಇದರಲ್ಲಿ ಪಾಲಿದೆ. ಪುನೀತ್ ಹೆಸರಿನಲ್ಲಿ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆ. ಅದು ಜೀವ ಉಳಿಸುತ್ತದೆ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಆ ಚುಚ್ಚುಮದ್ದು ಬೇಕಾಗುವುದು ನಾಳ ಮುಚ್ಚಿದ ಮೇಲೆ. ಅದೇ ತಾಲೂಕಿನಲ್ಲಿ ಮೈದಾನವಿಲ್ಲದ ಶಾಲೆಗೆ ಮಾನ್ಯತೆ ಸಿಗುತ್ತದೆ, ಹತ್ತನೇ ತರಗತಿ ಬಂದೊಡನೆ ಆಟದ ಪೀರಿಯಡ್ಡನ್ನು ಗಣಿತ ನುಂಗುತ್ತದೆ, ರಸ್ತೆ ಅಗಲಿಸಿದಾಗ ಮೊದಲು ಸಾಯುವುದು ಫುಟ್‌ಪಾತ್. ನಡೆಯಲು ಜಾಗವಿಲ್ಲದ ಊರಿನಲ್ಲಿ ‘ನಡೆಯಿರಿ’ ಎನ್ನುವ ಆರೋಗ್ಯ ಇಲಾಖೆಯ ಫಲಕ ಗೋಡೆಗೆ ಭಾರ. ಫುಟ್‌ಪಾತನ್ನು ಹೃದ್ರೋಗದ ಬಜೆಟ್ಟಿನಲ್ಲಿ ಸೇರಿಸಿ ಎಂದು ಕೇಳುವ ಶಾಸಕ ನಮಗೆ ಬೇಕು.

‘ವಿಶ್ರಾಂತಿಯೇ ಹೃದಯಕ್ಕೆ ಕ್ಷೇಮ’ ಎಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. 1952ರಲ್ಲಿ ಸ್ಯಾಮ್ಯುಯೆಲ್ ಲೆವೀನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಸಾಹಸ. ಮೂರು ವರ್ಷದ ಮೇಲೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರನ್ನು ನೋಡಿಕೊಂಡವರಲ್ಲಿ ಪಾಲ್ ಡಡ್ಲಿ ವೈಟ್ ಒಬ್ಬರು. ಸ್ವತಃ ಸೈಕಲ್ ತುಳಿಯುತ್ತಿದ್ದ ಆ ವೈದ್ಯರು ಚಟುವಟಿಕೆಗೆ ಮರಳುವುದನ್ನೇ ಚಿಕಿತ್ಸೆಯ ಭಾಗ ಮಾಡಿದರು. ಈಗ ಆಂಜಿಯೊಪ್ಲಾಸ್ಟಿಯಾದವರನ್ನು ಒಂದೆರಡು ದಿನದಲ್ಲೇ ವಾರ್ಡಿನಲ್ಲಿ ನಡೆಸುತ್ತಾರೆ. ಕೆಟ್ಟ ಹೃದಯಕ್ಕೇ ನಡಿಗೆ ಮದ್ದಾಗಿರುವಾಗ ನೆಟ್ಟಗಿರುವ ಹೃದಯಕ್ಕೆ ಅದು ವಿಷವೆಂದು ಹೇಳುತ್ತಿದ್ದೇವೆ.

ವಿಶ್ರಾಂತಿ ಏನು ಮಾಡುತ್ತದೆ ಎಂದು ತಿಳಿಯಲು 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದ್ದರು. ಎದ್ದಾಗ ಅವರ ದಮ್ಮು, ಅಂದರೆ ಮೈ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಬಿದ್ದಿತ್ತು. 1996ರಲ್ಲಿ ಅದೇ ಐವರನ್ನು ಮತ್ತೆ ಕರೆಸಿದರು. ವಯಸ್ಸು ಐವತ್ತರ ಆಸುಪಾಸು, ಸರಾಸರಿ ತೂಕ 77 ಕಿಲೊದಿಂದ 100 ಕಿಲೊಗೆ ಏರಿತ್ತು, ಮೈಯ ಕೊಬ್ಬು ಇಮ್ಮಡಿಯಾಗಿತ್ತು. ಆದರೂ ಮೂವತ್ತು ವರ್ಷಗಳ ಮುಪ್ಪು ಅವರ ದಮ್ಮನ್ನು ಕಸಿದದ್ದು ಆ ಮೂರು ವಾರಗಳ ಹಾಸಿಗೆ ಕಸಿದದ್ದಕ್ಕಿಂತ ಕಡಿಮೆ. ಆಮೇಲೆ ಅವರಿಗೆ ಆರು ತಿಂಗಳ ತರಬೇತಿ ಕೊಟ್ಟರು: ನಡಿಗೆ, ನಿಧಾನದ ಓಟ, ಸೈಕಲ್. ಮೊದಲು ಸ್ವಲ್ಪ, ವಾರ ಕಳೆದಂತೆ ತುಸು ಹೆಚ್ಚು, ಕೊನೆಗೆ ವಾರಕ್ಕೆ ನಾಲ್ಕೂವರೆ ಗಂಟೆಯಷ್ಟು. ತೂಕ ಇಳಿದದ್ದು ನಾಲ್ಕೈದು ಕಿಲೊ ಮಾತ್ರ. ದಮ್ಮು ಮಾತ್ರ ಇಪ್ಪತ್ತರ ಹರೆಯದಲ್ಲಿ ಹಾಸಿಗೆ ಏರುವ ಮೊದಲು ಎಷ್ಟಿತ್ತೋ ಅಷ್ಟಕ್ಕೆ ಮರಳಿತ್ತು.